ಚೀಲ ಕಾಯುವ ಕೆಲಸ

ಆ ದಿನ ಚೀಲವನ್ನು ಶೋಭಾ ಮರೆಯಲಿಲ್ಲ. ಮನೆಮಂದಿಯೆಲ್ಲ ಸೇರಿ ಅದನ್ನು ಒಳಗೆ ಕೂರಿಸಿ, ಹೊರಗಿನಿಂದ ಬೀಗ ಹಾಕಿಕೊಂಡು ಹೋದೆವು. ನಡೆದದ್ದು ಇಷ್ಟೇ. ನನ್ನ ಮಗಳು ಗೀತಾ ಮಲ್ಲೇಶ್ವರದ ತನ್ನ ನೆಂಟರಿಗೆಲ್ಲ ಇದನ್ನು ಬೇರೆ ಥರ ಹೇಳಿಕೊಂಡು ಬರುತ್ತಿದ್ದಾಳೆಂದು ಕಿವಿಗೆ ಬಿದ್ದ ಮೇಲೆ, ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟ ನಾನು ಪೆನ್ನು ಹಿಡಿದು ಕೂತಿದ್ದೇನೆ. ಮಗಳ ಮಾತನ್ನು ತಾಯಿಯೇ ತಿದ್ದುವುದು ಚೆಂದವಲ್ಲ ಎಂದು ನೀವು ಅನ್ನಬಹುದು. ಚೆಂದ ನೋಡಿಕೊಂಡು ಕೂತರೆ ಸೊಸೆಯ ಹೆಸರು ಕೆಡುತ್ತದೆ. ತನ್ನ ಪರವಾಗಿ ಬಾಯಿ ಬಿಡುವ ಅಭ್ಯಾಸ ಶೋಭಾಳಿಗೆ ಇಲ್ಲ.

ಚೀಲವೆಂದರೆ ಮಹಾ ಚೀಲವೇನೂ ಅಲ್ಲ. ಮೊಮ್ಮಗಳು ಧನ್ಯಾ ಹಿಂದಿನ ವರ್ಷ ಸ್ಕೂಲಿಗೆ ಹೊತ್ತು, ಜಿಪ್ಪಿನ ಹಿಡಿ ಕಿತ್ತುಹೋಯಿತೆಂದು ಮೂಲೆಗೆಸೆದ ನೀಲಿ ಬ್ಯಾಗು. ಕಿತ್ತ ಹಿಡಿಯ ಜಾಗಕ್ಕೆ ಶೋಭಾ ಒಂದು ಸೇಫ್ಟಿ ಪಿನ್ನು ಸಿಕ್ಕಿಸಿದ್ದಳು. ಆ ಪಿನ್ನು ಹಿಡಿದು ಎಳೆದರೆ ಹೊಸದಕ್ಕಿಂತ ಚೆನ್ನಾಗಿಯೇ ಬಾಯಿ ಮುಚ್ಚುತ್ತಿತ್ತು.

ಚೀಲದ ವಿಷಯದಲ್ಲಿ ನನ್ನ ಮಾತನ್ನು ನೀವು ನಂಬಬಹುದು. ನಮ್ಮ ಯಜಮಾನರದು ಅಕ್ಕಿಪೇಟೆಯಲ್ಲಿ ಗೋಣಿಚೀಲದ ಅಂಗಡಿ. ಅಕ್ಕಿ ಖಾಲಿಯಾದ ಚೀಲಗಳನ್ನು ಕೊಂಡು, ಒದರಿ, ಹರಿದದ್ದನ್ನು ಹೊಲಿಸಿ ಮತ್ತೆ ಮಾರುವ ವ್ಯಾಪಾರ. ಹೊಲಿಯುವವಳು ನಾನೇ. ಚಾಮರಾಜಪೇಟೆಯ ಈ ಮನೆಯ ಹಿತ್ತಲಲ್ಲಿ ಮೂಗಿಗೆ ಸೆರಗು ಕಟ್ಟಿಕೊಂಡು, ದಬ್ಬಣ ಹಿಡಿದು ಕೂತು ನನ್ನ ಪ್ರಾಯವೆಲ್ಲ ಚೀಲದ ಬಾಯಿ ನೋಡುತ್ತಲೇ ಕಳೆಯಿತು. ಯಜಮಾನರು ಹೋದರು, ಗೋಣಿಯ ಕಾಲವೂ ಹೋಯಿತು. ಮಗ ಮಂಜು ಈಗ ಅದೇ ಅಂಗಡಿಯಲ್ಲಿ ಪ್ಲಾಸ್ಟಿಕ್ ಚೀಲ ಮಾರುತ್ತಾನೆ. ಮನೆಯ ಬುದ್ಧಿ ಮಾತ್ರ ಬದಲಾಗಲಿಲ್ಲ. ಚೀಲಕ್ಕೆ ಬರವಿಲ್ಲದ ಮನೆಯಲ್ಲಿ ತುಂಬುವುದಕ್ಕೆ ಹಿಂದೆಮುಂದೆ ನೋಡುವವರು ಯಾರು? ಲಾಲ್‌ಬಾಗಿಗೆ ಹೋದರೂ ನಾವು ಗುಳೆ ಹೊರಟವರ ಹಾಗೆ ಹೊರಡುತ್ತಿದ್ದೆವು: ಚಾಪೆ, ಚಿತ್ರಾನ್ನದ ಡಬ್ಬಿ, ಮೊಸರನ್ನದ ಡಬ್ಬಿ, ಡಬ್ಬಿ ಸೋರಿದರೆ ಒರೆಸಲು ಬಟ್ಟೆ, ಬಟ್ಟೆ ಒದ್ದೆಯಾದರೆ ಇನ್ನೊಂದು ಬಟ್ಟೆ. ಯೋಚಿಸಿದರೆ, ನಾವು ಹೊತ್ತದ್ದರಲ್ಲಿ ಬೇಕಾದದ್ದು ಕಾಲುಭಾಗ. ಮಿಕ್ಕದ್ದೆಲ್ಲ ‘ಬೇಕಾದರೆ’ ಎಂಬುದು. ಮಳೆ ಬಂದರೆ, ಬಿಸಿಲು ಹೆಚ್ಚಾದರೆ, ಹಸಿವಾದರೆ, ಮಗು ಬಿದ್ದರೆ. ಹೆದರಿಕೆಗೆ ತೂಕವಿಲ್ಲ ಎಂದುಕೊಂಡವರು ನಮ್ಮ ಮನೆಯ ಚೀಲ ಎತ್ತಿ ನೋಡಬೇಕಿತ್ತು.

ಹೋದ ಬಾರಿ ಒಂದು ಪಾರ್ಕಿನ ಬಾಗಿಲಲ್ಲಿ ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವೆಂದರು. ಆ ಸಲ ಚೀಲ ಕಟ್ಟಿದವಳು ಗೀತಾ. ಆದರೆ ಕಾವಲಿನವನ ಮುಂದೆ ಒಂದೊಂದೇ ಡಬ್ಬಿ ತೆಗೆದಿಟ್ಟು, ಚಕ್ಕುಲಿಯ ಡಬ್ಬವನ್ನು ಎದೆಗವುಚಿಕೊಂಡು, ಹಿಂದಿನ ಸಾಲಿನವರ ನಗೆ ಕೇಳಿಸಿಕೊಂಡು ನಿಂತವಳು ಶೋಭಾ. ಈ ಸಲ, ಧನ್ಯಾಳ ಪರೀಕ್ಷೆ ಮುಗಿದ ಮೇಲೆ, ಊರಾಚೆಯ ನೀರಾಟದ ಪಾರ್ಕಿಗೆ ಹೋಗುವುದೆಂದು ತಾನೇ ಗೊತ್ತುಮಾಡಿ, ತಾನೇ ಫೋನಿನಲ್ಲಿ ಟಿಕೆಟ್ಟು ತೆಗೆದು, ನನ್ನ ಮುಂದೆ ಬಂದು ನಿಂತಳು.

“ಅತ್ತೆ, ಈ ಸಲ ಒಂದೇ ಚೀಲ. ಎಲ್ಲಾರ್ದೂ ಅದ್ರಲ್ಲೇ. ಹಿಡಿಸಿದ್ರೆ ಬರುತ್ತೆ, ಇಲ್ದಿದ್ರೆ ಮನೇಲಿರುತ್ತೆ.”

“ನನ್ನ ಮಂಡಿ ಎಣ್ಣೆ?”

“ಅದು ಹಿಡಿಸುತ್ತೆ.”

“ಹಂಗಾದ್ರೆ ನಂದೇನೂ ತಕರಾರಿಲ್ಲ,” ಎಂದೆ.

ಶೋಭಾ ಓಕಳೀಪುರದವಳು. ಅವಳ ತವರುಮನೆ ರೈಲು ಹಳಿಯ ಪಕ್ಕ, ಒಂದೇ ಕೋಣೆ; ಅದರಲ್ಲೇ ಅಡುಗೆ, ಅದರಲ್ಲೇ ದೇವರು, ಅದರಲ್ಲೇ ನಿದ್ದೆ. ಬೆಳಗಾದರೆ ಹಾಸಿಗೆ ಸುತ್ತಿ ಮೂಲೆಗೆ ನಿಲ್ಲಿಸಬೇಕು, ಇಲ್ಲದಿದ್ದರೆ ಒಲೆ ಹಚ್ಚಲು ಜಾಗವಿಲ್ಲ. ಅಲ್ಲಿ ಬೆಳೆದವಳ ಬೆರಳಿಗೆ ಬಟ್ಟೆ ಮಡಿಸುವ ಒಂದು ಹದ ಹತ್ತಿತ್ತು. ಅಂಗಿಯನ್ನು ಚಾಪೆಯ ಹಾಗೆ ಸುರುಳಿ ಸುತ್ತಿ, ತುದಿಯನ್ನು ಅದರ ಹೊಟ್ಟೆಯೊಳಕ್ಕೇ ಸೇರಿಸಿಬಿಡುತ್ತಾಳೆ, ಅದು ಬಿಚ್ಚಿಕೊಳ್ಳುವುದಿಲ್ಲ. ಹಿಂದಿನ ದಿನ ಮಧ್ಯಾಹ್ನ ಅವಳು ಆ ನೀಲಿ ಚೀಲ ತುಂಬುವುದನ್ನು ನಾನು ಕಾಲು ಚಾಚಿ ಕೂತು ನೋಡಿದೆ. ಗೋಣಿ ತುಂಬುವವರು ಚೀಲವನ್ನು ಕುಲುಕಿ ಕುಲುಕಿ ಜಾಗ ಮಾಡುತ್ತಾರೆ. ಇವಳು ಕುಲುಕಲೇ ಇಲ್ಲ. ಒಂದು ಸುರುಳಿ, ಅದರ ಸಂದಿಗೆ ಇನ್ನೊಂದು. ಕೊನೆಗೆ ಪಿನ್ನು ಹಿಡಿದು ಎಳೆದಳು, ಸೊಯ್ಯನೆ ಮುಚ್ಚಿತು. ಒಂದು ಕೈಯಲ್ಲಿ ಎತ್ತಿ ನೋಡಿದೆ. ಬೆಕ್ಕಿನಷ್ಟು ತೂಕ.

ಮಾರನೆಯ ಬೆಳಗ್ಗೆ ಗೀತಾ ಮಲ್ಲೇಶ್ವರದಿಂದ ಬಂದಳು. ಅವಳು ಮಂಜುವಿಗಿಂತ ದೊಡ್ಡವಳು. ಗಂಡ ಸದಾ ಟೂರು, ಮಕ್ಕಳು ಹಾಸ್ಟೆಲು. ಹಾಗಾಗಿ ನಮ್ಮ ಮನೆಯವರು ಹೊಸಿಲು ದಾಟುವ ದಿನಗಳೆಲ್ಲ ಅವಳವೇ ಆಗಿಬಿಟ್ಟಿದ್ದವು: ಎಲ್ಲಿಗೆ ಹೋಗುವುದು, ಏನು ಕಟ್ಟುವುದು, ಯಾರು ಎಲ್ಲಿ ಕೂರುವುದು. ಅಡುಗೆಮನೆ ಶೋಭಾಳ ಕೈಗೆ ಬಂದು ಎಷ್ಟೋ ಕಾಲವಾಗಿತ್ತು. ಹೊರಗಿನ ದಿನವೊಂದು ಅವಳ ಕೈಗೆ ಬಂದದ್ದು ಅದೇ ಮೊದಲು. ಗೀತಾ ಚೀಲವನ್ನು ಒಮ್ಮೆ ನೋಡಿದಳು, ಶೋಭಾಳನ್ನು ಒಮ್ಮೆ ನೋಡಿದಳು.

“ಐದು ಜನಕ್ಕೆ ಇದೊಂದೇನಾ? ನಾವು ಪಾರ್ಕಿಗೆ ಹೋಗ್ತಿದೀವೋ, ಹಾಲಿನ ಬೂತಿಗೋ?”

“ಅಕ್ಕಾ, ಬೆಳಬೆಳಗ್ಗೇನೇ ಶುರು ಮಾಡ್ಬೇಡ,” ಎಂದ ಮಂಜು.

“ನಾನೇನಪ್ಪಾ ಶುರು ಮಾಡಿದೆ? ತಗೋ, ನನ್ನ ಬಾಚಣಿಗೆ, ಕ್ರೀಮು, ಇವೂ ಅದ್ರಲ್ಲೇ ಹಿಡಿಸಮ್ಮ ನೋಡೋಣ. ಸಂಜೆ ಒಳಗೆ ಯಾರಾದ್ರೂ ಒಬ್ರು ‘ಅಯ್ಯೋ, ಅದು ಇದ್ದಿದ್ರೆ ಚೆನ್ನಾಗಿತ್ತು’ ಅಂದ್ರೆ, ಇನ್ಮೇಲೆ ಈ ಮನೆಯಿಂದ ಎಲ್ಲಿಗೆ ಹೊರಟ್ರೂ ಚೀಲ ಕಟ್ಟೋದು ನಾನೇ. ಆಗುತ್ತಾ ಶೋಭಾ?”

ಶೋಭಾ ಬಾಚಣಿಗೆಯನ್ನೂ ಕ್ರೀಮನ್ನೂ ಸಂದಿಗೆ ಸೇರಿಸಿ, “ಆಗ್ಲಿ ಅಕ್ಕ,” ಎಂದಳು. ನಗುತ್ತಲೇ ಆಡಿದ ಪಂದ್ಯ. ಆದರೆ ಪಿನ್ನು ಎಳೆದ ಅವಳ ಬೆರಳು ಬಿಗಿಯಾಗಿದ್ದುದನ್ನು ನಾನು ನೋಡಿದೆ.

ಎಲ್ಲರೂ ಬೀದಿಗಿಳಿದೆವು. ಮಂಜುವಿನ ಬೆನ್ನಿಗೆ ಚೀಲ, ಕಾರಿನ ಬಾಗಿಲು ತೆರೆದಿದೆ, ಗೀತಾ ಒಂದು ಕಾಲು ಒಳಗಿಟ್ಟಿದ್ದಾಳೆ. ಆಗ ಎದುರುಮನೆಯ ಪದ್ಮಮ್ಮ ರಂಗೋಲಿಯಿಂದ ತಲೆಯೆತ್ತಿ, “ಏನ್ರಮ್ಮಾ, ಎಲ್ರೂ ಎಲ್ಲಿಗೆ ಹೊರಟ್ರಿ?” ಎಂದು ಕೇಳಿಬಿಟ್ಟರು.

ಹೊರಟವರನ್ನು ಎಲ್ಲಿಗೆಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ, ಕೇಳಿಸಿಕೊಂಡವರು ಒಳಗೆ ಬಂದು ಕೂತು, ಒಂದು ಗುಟುಕು ನೀರು ಕುಡಿದು ಮತ್ತೆ ಹೊರಡಬೇಕು. ಇದು ನಮ್ಮ ಕಡೆಯ ಪದ್ಧತಿ. ನನಗೆ ಇದರಲ್ಲಿ ನಂಬಿಕೆಯಿಲ್ಲ. ನನ್ನ ಬದುಕಿನಲ್ಲಿ ಕೆಟ್ಟ ಕೆಲಸಗಳೆಲ್ಲ ಯಾರೂ ಏನೂ ಕೇಳದೆಯೇ ಕೆಟ್ಟಿವೆ. ಆದರೆ ಎರಡೆರಡು ಡಿಗ್ರಿ ಓದಿದ ಗೀತಾಳಿಗೆ ಇದೆ. ಕಾರಿನೊಳಗಿಟ್ಟ ಕಾಲನ್ನು ಬೆಂಕಿ ತುಳಿದವಳಂತೆ ಹಿಂದಕ್ಕೆಳೆದಳು.

“ಕೇಳೇಬಿಟ್ರಲ್ಲಾ! ನಡೀರಿ, ನಡೀರಿ ಎಲ್ಲಾ ಒಳಗೆ. ಕೂತು ನೀರು ಕುಡ್ಕೊಂಡು ಹೊರಡೋಣ.”

ಹಾಕಿದ ಬೀಗ ತೆಗೆದು ಮತ್ತೆ ಒಳಗೆ. ನಡುಮನೆಯ ಕಲ್ಲುಕಟ್ಟೆಯ ಮೇಲೆ ನೀರಿನ ಬಿಂದಿಗೆ ಇರುತ್ತದೆ. ಇನ್ನು ಮುಂದಿನದನ್ನು ಗಮನವಿಟ್ಟು ಓದಿ. ಮಂಜು ಬೆನ್ನಿನಿಂದ ಚೀಲ ಇಳಿಸಿ ಕಟ್ಟೆಯ ಮೇಲಿಟ್ಟ. ಲೋಟ ಎಟುಕಲಿಲ್ಲವೆಂದು ಧನ್ಯಾ ಅದನ್ನು ಗೋಡೆಯ ಕಡೆಗೆ ಸರಿಸಿದಳು. ಗೀತಾ ಅದಕ್ಕೇ ಒರಗಿ ಕೂತು, ಕಣ್ಣು ಮುಚ್ಚಿ, ಭಕ್ತಿಯಿಂದ ನೀರು ಕುಡಿದಳು. ನಾನು ಕುಡಿದ ಲೋಟವನ್ನು ಅದರ ಪಕ್ಕದಲ್ಲೇ ಬೋರಲು ಹಾಕಿದೆ. ಶೋಭಾ ನಿಂತಲ್ಲೇ ಒಂದು ಗುಟುಕು ಕುಡಿದು, ಬೀಗದ ಕೈ ಹಿಡಿದು ಬಾಗಿಲಲ್ಲಿ ಎಲ್ಲರನ್ನೂ ಕಾಯುತ್ತಿದ್ದಳು. ಎಲ್ಲರೂ ಎದ್ದು ಹೋದೆವು. ಚೀಲ ಮಾತ್ರ ಏಳಲಿಲ್ಲ.

ಅದು ತಿಳಿದದ್ದು ಪಾರ್ಕಿನ ಬಾಗಿಲಲ್ಲಿ, ಮಂಜು ಡಿಕ್ಕಿ ತೆರೆದಾಗ. ಒಳಗೆ ಒಂದು ಸ್ಟೆಪ್ನಿ ಟಯರು, ಒಂದು ಮುರುಕು ಛತ್ರಿ.

“ನಿನ್ನ ಹತ್ರ ಇತ್ತಲ್ಲಾ?” “ನಾನು ಕಟ್ಟೆ ಮೇಲಿಟ್ಟೆ.” “ಇಟ್ಟಮೇಲೆ ತಗೊಂಡಿಲ್ವಾ?” “ನೀವ್ಯಾರಾದ್ರೂ ತಗೋತೀರಿ ಅಂದ್ಕೊಂಡೆ.” ಈ ಮಾತುಗಳು ಯಾರ ಬಾಯಿಂದ ಯಾವುದು ಬಂತೆಂದು ವಿಂಗಡಿಸುವ ಅಗತ್ಯವಿಲ್ಲ, ಎಲ್ಲ ಬಾಯಿಂದಲೂ ಎಲ್ಲವೂ ಬಂತು. ಗೀತಾಳ ನಗು ಮಾತ್ರ ಗೀತಾಳದೇ. ಕಾರಿಗೆ ಕೈಕೊಟ್ಟು ನಿಂತು ನಕ್ಕಳು.

“ಪ್ಯಾಕಿಂಗ್ ಅಂದ್ರೆ ಇದು! ಇದಕ್ಕಿಂತ ಹಗುರ ಇನ್ನೇನ್ ಬೇಕು ಬಿಡ್ರಪ್ಪಾ!”

ಶೋಭಾಳ ಮುಖ ಬಿಳಿಚಿಕೊಂಡಿತು. ಒಂದು ಚೀಲ ಹೋದರೆ ಯಾರ ಮುಖವೂ ಹಾಗಾಗುವುದಿಲ್ಲ. ಇನ್ನು ಮುಂದೆ ಪ್ರತಿ ಮದುವೆಯಲ್ಲಿ, ಪ್ರತಿ ನಾಮಕರಣದಲ್ಲಿ, ‘ಒಂದೇ ಒಂದು ಚೀಲ ಕಟ್ಟಿದಳು, ಅದನ್ನೂ ಬಿಟ್ಟು ಬಂದಳು’ ಎಂಬ ಮಾತು ಊಟದೆಲೆಯ ಉಪ್ಪಿನ ಹಾಗೆ ಮೊದಲು ಬಂದು ಕೂರುವುದು ಅವಳಿಗೆ ಅಲ್ಲೇ ಕಂಡಿತ್ತು.

“ನಾನು ವಾಪಸ್ ಹೋಗಿ ತರ್ತೀನಿ,” ಎಂದ ಮಂಜು.

“ಹೋಗಪ್ಪಾ. ಈ ಟ್ರಾಫಿಕ್ಕಲ್ಲಿ ನೀನು ಬರೋ ಹೊತ್ಗೆ ಇವ್ರು ನೀರು ಖಾಲಿ ಮಾಡಿ ತೊಟ್ಟಿ ಉಜ್ತಿರ್ತಾರೆ,” ಎಂದೆ.

ಶೋಭಾ ತನ್ನ ಕೈಪರ್ಸು ತೆರೆದು ನೋಡಿದಳು.

“ಟಿಕೆಟ್ ಫೋನಲ್ಲಿದೆ. ಅತ್ತೆ, ನಿಮ್ಮ ಮಾತ್ರೆ?”

ನನ್ನ ಸೆರಗಿನ ತುದಿಯ ಗಂಟು ಎತ್ತಿ ತೋರಿಸಿದೆ. ಮಾತ್ರೆ, ಎರಡು ಏಲಕ್ಕಿ, ಒಂದು ಚೂರು ಅಡಿಕೆ. ಯಾವ ಪದ್ಮಮ್ಮ ಏನು ಕೇಳಿದರೂ ಈ ಗಂಟು ಮನೆಯಲ್ಲಿ ಉಳಿಯುವುದಿಲ್ಲ.

“ಅಷ್ಟೇ ಬೇಕಾಗಿದ್ದು. ಬಾಕಿದ್ದೆಲ್ಲಾ ಒಳಗೆ ಸಿಗುತ್ತೆ, ಸಿಗದಿದ್ರೆ ಬೇಡ. ನಡೀರಿ,” ಎಂದು ಶೋಭಾ ಮುಂದೆ ನಡೆದೇಬಿಟ್ಟಳು. ಅವಳ ಹಿಂದೆ ನಾವು. ಕೈಬೀಸಿಕೊಂಡು ಒಂದು ಜಾಗಕ್ಕೆ ಕಾಲಿಟ್ಟದ್ದು ನನ್ನ ನೆನಪಿನಲ್ಲಿ ಅದೇ ಮೊದಲು.

ನೀರಿಗಿಳಿಯಲು ಹತ್ತಿಯ ಬಟ್ಟೆ ನಡೆಯುವುದಿಲ್ಲ. ನೈಲಾನಿನ ಬಟ್ಟೆಯನ್ನು ಅಲ್ಲೇ ಬಾಡಿಗೆಗೆ ಕೊಡುತ್ತಾರೆ. ಶೋಭಾ ಕೌಂಟರಿನಲ್ಲಿ ನಿಂತು ಧನ್ಯಾಳಿಗೆ, ಮಂಜುವಿಗೆ, ಗೀತಾಳಿಗೆ ಅಳತೆ ಹೇಳಿ ತೆಗೆದುಕೊಂಡಳು. ಗೀತಾ ಮೂಗು ಮುರಿದಳು, ತಗೊಂಡಳು. ಮನೆಬಟ್ಟೆ, ಚಪ್ಪಲಿ, ಫೋನು ಎಲ್ಲವನ್ನೂ ಇಡಲು ಬೀಗವಿದ್ದ ಒಂದು ಗೂಡು ಸಿಕ್ಕಿತು. ಅಲ್ಲಿಗೆ ಮುಗಿಯಿತೆನ್ನುವ ಹಾಗೆ ಶೋಭಾ ನನ್ನ ಬೆಂಚಿನ ಕಡೆಗೆ ಬಂದಳು.

“ಅಮ್ಮಾ, ನಿಂಗೆ?” ಎಂದಳು ಧನ್ಯಾ.

“ನಾನು ಅಜ್ಜಿ ಜೊತೆ ಕೂತಿರ್ತೀನಿ, ನೀವ್ ಹೋಗಿ.”

“ಯಾಕೆ? ನಂಗೇನಾಗೈತೆ?” ಎಂದೆ.

“ಯಾರಾದ್ರೂ ಒಬ್ರು ಇರ್ಬೇಕಲ್ಲಾ ಅತ್ತೆ.”

“ಇದ್ದು?”

ಅದು ನನಗೂ ಹೊಳೆದದ್ದು ಅಲ್ಲೇ. “ಏನ್ ಕಾಯ್ತೀಯಾ ಕೂತ್ಕೊಂಡು? ಕಾಯೋಕೆ ಚೀಲ ಎಲ್ಲೈತೆ?”

ಓದುವವರೇ, ನೀವು ಎಲ್ಲಿಗೇ ಹೋಗಿ ನೋಡಿ, ನೀರಿದ್ದಲ್ಲಿ, ಗುಡಿಯಿದ್ದಲ್ಲಿ, ಆಟವಿದ್ದಲ್ಲಿ, ಒಂದು ಮರದ ಬುಡದಲ್ಲೋ ಕಂಬದ ನೆರಳಲ್ಲೋ ಚೀಲಗಳ ಒಂದು ಗುಡ್ಡೆ ಇರುತ್ತದೆ, ಗುಡ್ಡೆಯ ಪಕ್ಕದಲ್ಲಿ ಒಬ್ಬ ಹೆಂಗಸು ಇರುತ್ತಾಳೆ. ಅವಳನ್ನು ಯಾರೂ ನೇಮಿಸಿದವರಿಲ್ಲ. ಎಲ್ಲರೂ ಓಡಿಹೋದ ಮೇಲೆ ಉಳಿದವಳು ಅವಳು. ನಮ್ಮ ಮನೆಯಲ್ಲಿ ಮೊದಲು ಆ ಹೆಂಗಸು ನಾನು. ಒಮ್ಮೆ ಯಜಮಾನರು ಅಂಗಡಿಯವರನ್ನೆಲ್ಲ ಕರೆದುಕೊಂಡು ಮಹಾಬಲಿಪುರಕ್ಕೆ ಹೋಗಿದ್ದರು. ಸಮುದ್ರ ನೋಡಿದ್ದೀಯಾ ಎಂದು ಯಾರಾದರೂ ಕೇಳಿದರೆ ನೋಡಿದ್ದೇನೆ ಅನ್ನುತ್ತೇನೆ. ಎರಡು ಗೋಣಿಚೀಲದ ನಡುವಿನ ಸಂದಿಯಲ್ಲಿ ಎಷ್ಟು ಕಾಣಬಹುದೋ ಅಷ್ಟು ನೋಡಿದ್ದೇನೆ. ಮಿಕ್ಕವರು ಒದ್ದೆಯಾಗಿ ಬಂದು, ಉಪ್ಪುಪ್ಪಾಗಿದೆ ಎಂದರು. ಒಣಗಿದ ಬಟ್ಟೆ ಕೊಟ್ಟೆ. ಅದರಲ್ಲಿ ಅಳುವಂಥದ್ದು ಏನೂ ಇಲ್ಲ, ಆಗ ನನಗೆ ಹಾಗೆ ಅನ್ನಿಸಲೂ ಇಲ್ಲ. ನನ್ನ ಮಂಡಿ ಸೋತ ಮೇಲೆ ಕೆಲಸ ತಾನಾಗಿ ಶೋಭಾಳಿಗೆ ಹೋಯಿತು. ಅಡುಗೆಮನೆಯ ಹಾಗೆಯೇ ಇದೂ ಹೋಯಿತು. ನಾನು ಕೊಡಲಿಲ್ಲ, ಅವಳು ಕೇಳಲಿಲ್ಲ.

“ಹೋಗಿ ಒಂದು ಬಟ್ಟೆ ತಗೋ,” ಎಂದೆ. “ಇಲ್ದಿದ್ರೆ ನಾನೇ ತಗೊಂಡು ಹಾಕ್ಕೊಂತೀನಿ. ಆಮೇಲೆ ಊರವ್ರೆಲ್ಲಾ ನೋಡೋದಿದ್ರೆ ನೋಡ್ಲಿ.”

ಧನ್ಯಾ ಕುಣಿದಳು. ಶೋಭಾ ಹೋದಳು.

ಬೆಂಚಿನ ಮೇಲೆ ನಾನೊಬ್ಬಳೇ ಉಳಿದೆ. ಕೈಗೆ ಏನೂ ಕೆಲಸವಿಲ್ಲ. ಅಭ್ಯಾಸಬಲದಿಂದ ಎರಡು ಸಲ ಪಕ್ಕಕ್ಕೆ ಕೈ ಹಾಕಿ ನೋಡಿದೆ, ಚೀಲ ಇದೆಯೇ ಎಂದು. ತಣ್ಣನೆ ಸಿಮೆಂಟು ತಗುಲಿತು. ಮಜ್ಜಿಗೆ ತರಿಸಿಕೊಂಡು ಕುಡಿದೆ, ನೀರೇ ಹೆಚ್ಚಾಗಿತ್ತು, ಆ ಜಾಗಕ್ಕೆ ತಕ್ಕದ್ದೇ. ನೀರಿನ ಒಂದು ದೊಡ್ಡ ಕೊಳವೆ ಎತ್ತರದಿಂದ ಸುತ್ತಿಕೊಂಡು ಇಳಿಯುತ್ತಿತ್ತು. ಮೇಲೆ ಹೋದವರು ಕಿರುಚುತ್ತ ಕೆಳಗೆ ಬಂದು ಬೀಳುತ್ತಿದ್ದರು. ದುಡ್ಡು ಕೊಟ್ಟು ಹೆದರುವುದು ಯಾಕೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಆದರೆ ಆ ಮೆಟ್ಟಿಲನ್ನು ಗೀತಾ ಹತ್ತುವುದು ಕಂಡಿತು, ಅವಳ ಹಿಂದೆ ಧನ್ಯಾ, ಕೊನೆಯಲ್ಲಿ ಶೋಭಾ. ಸ್ವಲ್ಪ ಹೊತ್ತಿಗೆ ಗೀತಾ ಅದೇ ಮೆಟ್ಟಿಲಲ್ಲಿ, ಹತ್ತುವವರ ಎದುರಿಗೆ ‘ದಾರಿ ಬಿಡಿ, ದಾರಿ ಬಿಡಿ’ ಎನ್ನುತ್ತ ಇಳಿದು ಬಂದಳು.

“ನಂಗೆ ಬಿಪಿ,” ಎಂದು ಪಕ್ಕದಲ್ಲಿ ಕೂತಳು. ನಾನೇನೂ ಕೇಳಿರಲಿಲ್ಲ.

ಅಷ್ಟರಲ್ಲಿ ಕೊಳವೆಯ ಬಾಯಿಂದ ಶೋಭಾ ಬಂದು ಬಿದ್ದಳು. ಕಿರುಚಲಿಲ್ಲ. ನೀರೊಳಗೆ ಮುಳುಗಿ, ಎದ್ದು ನಿಂತು, ಮುಖದ ಮೇಲಿನ ಕೂದಲು ಸರಿಸಿ ನಕ್ಕಳು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೇವೆ, ಆ ದನಿಯಲ್ಲಿ ಅವಳು ನಕ್ಕದ್ದು ನಾನು ಕೇಳಿರಲಿಲ್ಲ; ಯಾವ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದಳೋ. ಧನ್ಯಾ ಓಡಿ ಬಂದು, “ಅಜ್ಜೀ, ಗೀತತ್ತೆ ಹೆದರ್ಕೊಂಡ್ ಇಳಿದ್ಬಿಟ್ರು, ಅಮ್ಮ ಮಾತ್ರ ಜುಂಯ್ ಅಂತ ಬಂದ್ಬಿಟ್ಲು!” ಎಂದು ಸುತ್ತಲಿನವರಿಗೆಲ್ಲ ಕೇಳುವ ಹಾಗೆ ಸಾರಿದಳು. ಪಕ್ಕದ ಬೆಂಚಿನಲ್ಲಿ ಚೀಲಗಳ ನಡುವೆ ಕೂತಿದ್ದ ಒಬ್ಬ ಹೆಂಗಸು, “ನಿಮ್ಮ ಮಗಳಾ?” ಎಂದು ಕೇಳಿದಳು.

“ಅಲ್ಲ, ನನ್ನ ಸೊಸೆ,” ಎಂದೆ. ಮಗಳು ಪಕ್ಕದಲ್ಲೇ ಇದ್ದಳು, ಕೇಳಿಸಿಕೊಂಡಳು. ಕೇಳಿಸಿಕೊಳ್ಳಲಿ.

“ಅತ್ತೆ, ಇನ್ನೊಂದೇ ಒಂದ್ಸಲ ಹೋಗ್ಬರ್ತೀನಿ,” ಎಂದಳು ಶೋಭಾ, ನೀರು ಸುರಿಸುತ್ತ ನನ್ನ ಮುಂದೆ ನಿಂತು.

“ನನ್ನ್ಯಾಕೆ ಕೇಳ್ತೀಯ? ನಾನೇನ್ ಇಲ್ಲಿ ಟಿಕೆಟ್ ಹರಿಯೋಳಾ?”

ಆ ಒಂದು ಸಲ ಎಷ್ಟು ಸಲವಾಯಿತೋ ನಾನು ಲೆಕ್ಕ ಇಡಲಿಲ್ಲ. ಸಂಜೆ ಎಲ್ಲರೂ ಮನೆಬಟ್ಟೆ ಹಾಕಿಕೊಂಡು ಬಂದಾಗ ಒರೆಸಿಕೊಳ್ಳಲು ಟವಲಿಲ್ಲ. ಮಂಜು, ಧನ್ಯಾ ಬಿಸಿಲಿಗೆ ಮುಖ ಕೊಟ್ಟು ಹಪ್ಪಳದ ಹಾಗೆ ಒಣಗಿದರು. ಶೋಭಾಳ ಉದ್ದ ಜಡೆ ಬೆನ್ನ ಮೇಲೆ ತೊಟ್ಟಿಕ್ಕುತ್ತಿತ್ತು. “ಬಗ್ಗಿಸು ತಲೆ,” ಎಂದು ನನ್ನ ಸೆರಗಿನಿಂದಲೇ ಗಸಗಸ ಒರೆಸಿದೆ. ಬೇಡ ಅತ್ತೆ ಎಂದಳು; ಬೇಡ ಎನ್ನುವ ಬಾಯನ್ನೂ ಸೇರಿಸಿ ಒರೆಸಿದೆ. ಆಗ ಗೀತಾ ತನ್ನ ತಲೆ ಮುಟ್ಟಿಕೊಂಡು ಅಂದಳು:

“ಅಯ್ಯೋ, ನನ್ನ ಬಾಚಣಿಗೆ ಆ ಚೀಲದಲ್ಲೇ ಇತ್ತಲ್ಲಾ! ಅದೊಂದು ಇದ್ದಿದ್ರೆ ಚೆನ್ನಾಗಿತ್ತು.”

ಅಂದ ಮೇಲೆ ಪಂದ್ಯ ನೆನಪಾಗಿ, “ಹಾಂ! ಅಂದಾಯ್ತು. ಇನ್ಮೇಲೆ ಚೀಲ ನಂದು,” ಎಂದಳು. ಶೋಭಾಳ ತಲೆ ನನ್ನ ಕೈಯೊಳಗಿತ್ತು. ಅದು ಇನ್ನೂ ಸ್ವಲ್ಪ ಬಗ್ಗಿದ್ದು ಕೈಗೆ ಗೊತ್ತಾಯಿತು.

“ತಡಿ,” ಎಂದೆ. “ಬೆಳಗ್ಗಿಂದ ಮಗು ಅನ್ಲಿಲ್ಲ, ನಿನ್ನ ತಮ್ಮ ಅನ್ಲಿಲ್ಲ, ಮಂಡಿ ನೋವಿನ ಮುದುಕಿ ನಾನೂ ಅನ್ಲಿಲ್ಲ. ಅಂದೋಳು ನೀನೊಬ್ಳೇ. ಬಾಚಣಿಗೆ ಚೀಲದಲ್ಲಿತ್ತು ಅಂತ ನಿನ್ ಬಾಯಲ್ಲೇ ಬಂತು. ಅವಳು ಕಟ್ಟಿದ್ದು ಸರಿಯಾಗೇ ಐತೆ ಅಂದಂಗಾಯ್ತು. ಚೀಲ ಕಟ್ಟೆ ಮೇಲೆ ಉಳಿದಿದ್ದು ನೀನು ಕುಡಿಸಿದ ನೀರಿಂದ. ಪಂದ್ಯ ಗೆದ್ದಿದ್ದು ಶೋಭಾ. ಇನ್ನೇನಾದ್ರೂ ಐತಾ?”

ಮಂಜು ಆಕಾಶ ನೋಡುತ್ತ ನಗು ನುಂಗಿದ. ಶೋಭಾ ತಲೆ ಎತ್ತಲಿಲ್ಲ, ನಾನೂ ಬಿಡಲಿಲ್ಲ. ಒಣಗಿದ ಮೇಲೂ ಸ್ವಲ್ಪ ಹೊತ್ತು ಒರೆಸುತ್ತಲೇ ಇದ್ದೆ. ಒಂದು ಮಾತು ಮಾತ್ರ ಒಪ್ಪಬೇಕು: ಸೋತ ಗೀತಾ ದಾರಿಯಲ್ಲಿ ಎಲ್ಲರಿಗೂ ಜೋಳ ಕೊಡಿಸಿದಳು. ಜೋಳ ತಿಂದದ್ದನ್ನೂ ಅವಳು ಮಲ್ಲೇಶ್ವರದಲ್ಲಿ ಹೇಳಿದ್ದರೆ ನಾನು ಪೆನ್ನು ಹಿಡಿಯುತ್ತಿರಲಿಲ್ಲ.

ಮನೆಗೆ ಬಂದಾಗ ಚೀಲ ಬಿಂದಿಗೆಯ ಪಕ್ಕದಲ್ಲಿ, ಇಟ್ಟ ಹಾಗೆಯೇ ಕೂತಿತ್ತು. ಆಯಾಸಕ್ಕೆ ಯಾರೂ ಮುಟ್ಟಲಿಲ್ಲ.

ಮಾರನೆಯ ಬೆಳಗ್ಗೆ ಬೇರೆಯವರು ಏಳುವ ಮೊದಲು ನಾನು ಕಟ್ಟೆಯ ಮೇಲೆ ಕೂತು ಪಿನ್ನು ಎಳೆದೆ. ಧನ್ಯಾಳ ನೀರಿನ ಬಟ್ಟೆ, ಮಂಜುವಿನ ಚಡ್ಡಿ, ಟವಲು, ಗೀತಾಳ ಬಾಚಣಿಗೆ ಮತ್ತು ಕ್ರೀಮು, ನನ್ನ ಮಂಡಿ ಎಣ್ಣೆಯ ಶೀಸೆ, ನನಗೆ ಚಳಿಯಾದರೆ ಶಾಲು, ನಾನು ಜಾರಿದರೆ ಉಡಲು ಇನ್ನೊಂದು ಸೀರೆ. ಗೀತಾಳಿಗೆಂದು ಕೊಂಡಿದ್ದ ಬಟ್ಟೆಯ ಬೆಲೆಚೀಟಿ ಇನ್ನೂ ಹಾಗೆಯೇ ಇತ್ತು. ಒಂದು ಸುರುಳಿಯೂ ಸಡಿಲವಾಗಿರಲಿಲ್ಲ. ತಳದವರೆಗೂ ಕೈ ಹಾಕಿದೆ, ಪಕ್ಕದ ಜೇಬನ್ನೂ ನೋಡಿದೆ. ಶೋಭಾಳದು ಒಂದು ಕರ್ಚೀಫೂ ಇರಲಿಲ್ಲ. ಬೆಕ್ಕಿನಷ್ಟು ತೂಕ ಹೇಗೆ ಬಂತೆಂದು ಆಗ ತಿಳಿಯಿತು.

ತಿಂಡಿ ತಿಂದು, ಅಂಗಡಿಗಳು ಬಾಗಿಲು ತೆಗೆಯುವ ಹೊತ್ತಿಗೆ ಆಟೋ ಹಿಡಿದು ಚಿಕ್ಕಪೇಟೆಗೆ ಹೋದೆ. ನೀರಿಗಿಳಿಯುವ ನೈಲಾನು ಬಟ್ಟೆ, ಉದ್ದ ತೋಳಿನದು ಬೇಕೆಂದೆ. ಅಂಗಡಿಯವನು “ಮೊಮ್ಮಗಳಿಗಾ ಅಜ್ಜಿ?” ಎಂದ. “ಸೊಸೆಗೆ,” ಎಂದೆ. ಸೈಜು ಕೇಳಿದ, ಹಿಂದಿನ ದಿನ ತಲೆ ಒರೆಸುವಾಗ ಕಂಡ ಭುಜದ ಅಗಲವನ್ನು ಎರಡು ಕೈಯಲ್ಲಿ ಹಿಡಿದು ತೋರಿಸಿದೆ.

ಮನೆಗೆ ಬಂದು ಅದನ್ನು ಅವಳ ಹಾಗೆಯೇ ಸುರುಳಿ ಸುತ್ತಲು ನೋಡಿದೆ, ನನಗೆ ಬರಲಿಲ್ಲ. ಮಡಿಸಿಯೇ ಚೀಲದ ತಳಕ್ಕೆ ಹಾಕಿ, ಮಿಕ್ಕದ್ದನ್ನು ಮೇಲೆ ತುಂಬಿ ಪಿನ್ನು ಎಳೆದೆ. ಬಾಯಿ ಕೂಡಲಿಲ್ಲ. ನನ್ನ ಸೀರೆ ತೆಗೆದೆ, ಶಾಲು ತೆಗೆದೆ, ಎಣ್ಣೆಯ ಶೀಸೆಯನ್ನೂ ತೆಗೆದು ಗೋಡೆಯ ಗೂಡಿನಲ್ಲಿಟ್ಟೆ. ಮತ್ತೆ ಪಿನ್ನು ಹಿಡಿದು ಎಳೆದೆ, ಕೊನೆಯವರೆಗೂ ಬಂತು.